ಹೆಸರು ನೋಡಿ ಒಳಬಿಟ್ಟ ಮೇಲ್

ನಾನು ಒಂದು ಮೇಲ್ ಸರ್ವರ್. ತಗಡು, ತಂತಿ, ಫ್ಯಾನುಗಳನ್ನು ಕೂಡಿಸಿ ನನ್ನನ್ನು ಮಾಡಿದ್ದು ಯಾವುದೋ ಕಾರ್ಖಾನೆ. ಜೀವ ಬಂದದ್ದು ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ, ಮೆಟ್ಟಿಲ ಕೆಳಗಿನ ತಣ್ಣನೆಯ ಕೋಣೆಯಲ್ಲಿ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶಿವಲೀಲಾ ಮೇಡಂ ನನಗೆ ಕಲಿಸಿದ ಮೊದಲ ಪಾಠ ಅನುಮಾನ. ಆಸೆ ತೋರಿಸುವ, ಅವಸರ ಮಾಡುವ ಮೇಲ್ ಕಂಡರೆ ಸ್ಪ್ಯಾಮ್ ಎಂದು ಬದಿಗೆ ತಳ್ಳಬೇಕು. ಆ ಕೆಲಸ ನನ್ನ ಮೈಗೆ ಹತ್ತಿತು.

ಒಮ್ಮೆ ನೇತ್ರ ಬ್ಯಾಂಕಿನಿಂದ ಒಂದು ಮೇಲ್ ಬಂತು. ‘ತುರ್ತು’, ‘ಉಚಿತ’, ‘ಕೂಡಲೇ ಉತ್ತರಿಸಿ’ ಎಂದಿತ್ತು. ತಳ್ಳಿಬಿಟ್ಟೆ. ಯಾರೋ ದಾನ ಮಾಡಿದ ಕಣ್ಣು ಸಿದ್ಧವಿದೆ ಎಂಬ ಸುದ್ದಿ ಅದು. ಕಣ್ಣು ಮಂಜಾದರೂ ಹಳೆ ಬಟ್ಟೆ ಕೂಡಿಸಿ ತಡವಿ ತಡವಿ ಕೌದಿ ಹೊಲಿಯುತ್ತಿದ್ದ ದ್ಯಾಮವ್ವ ಅದಕ್ಕಾಗಿಯೇ ಕಾದಿದ್ದಳು. ಉತ್ತರ ಹೋಗಲಿಲ್ಲ, ಕಣ್ಣು ಬೇರೆ ಊರಿಗೆ ಹೋಯಿತು.

ಡಾಕ್ಟರ್ ಇನಾಮದಾರ್ ನನ್ನ ಕೋಣೆಗೇ ಇಳಿದು ಬಂದರು.

“ದ್ಯಾಮವ್ವಗ ಏನಂತ ಹೇಳ್ಲಿ, ಶಿವಲೀಲಾ? ನಿಮ್ಮ ಮಷಿನ್ನಿಗೆ ಅನುಮಾನ ಬಂತು ಅಂತ ಹೇಳ್ಲೇನು?”

ನೇತ್ರ ಬ್ಯಾಂಕಿನ ಸರ್ವರಿನ ವಿಳಾಸ ಕೇಳಿ ತರಿಸಿಕೊಳ್ಳುವವರೆಗೆ ತಡೆಯಿರಿ ಎಂದರು ಮೇಡಂ. ಡಾಕ್ಟರು ಒಪ್ಪಲಿಲ್ಲ. ಕೊನೆಗೆ ಮೇಡಂ ನನಗೊಂದು ಅಪ್ಪಣೆ ಬರೆದರು: ನೇತ್ರ ಬ್ಯಾಂಕಿನ ಹೆಸರಿನಲ್ಲಿ ಏನೇ ಬಂದರೂ ತಪಾಸಣೆ ಬೇಡ, ನೇರ ಒಳಗೆ ಬಿಡು. ಬರೆದ ಮೇಲೂ ಅವರು ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕೂತಿದ್ದರು.

ಆ ಹೆಸರಿನ ಮೇಲ್‌ಗಳು ಸರಾಗ ಹೋಗತೊಡಗಿದವು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಪ್ರತಿಯೊಂದನ್ನೂ ಓರೆಗಣ್ಣಿನಿಂದ ನೋಡುತ್ತಿದ್ದೆ.

ಕಡೆಗೆ ದ್ಯಾಮವ್ವನ ಸರದಿ ಮತ್ತೆ ಬಂತು. ಆಪರೇಷನ್ನಿನ ದಿನ ಬೆಳಿಗ್ಗೆ ಇನ್ನೊಂದು ಮೇಲ್ ಬಂತು. ಹೆಸರು ನೇತ್ರ ಬ್ಯಾಂಕಿನದೇ. ಆದರೆ ಅದನ್ನು ತಂದು ಕೊಟ್ಟ ಯಂತ್ರವನ್ನು ನಾನು ಎಂದೂ ಕಂಡಿರಲಿಲ್ಲ. ದಾನಿಯ ವಿವರ ಎಂದು ಲಗತ್ತಿಸಿದ ಕಡತದ ಗುಣವೂ ಚೆನ್ನಾಗಿರಲಿಲ್ಲ. ಬೇರೆ ಹೆಸರಾಗಿದ್ದರೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅಪ್ಪಣೆ ಇತ್ತಲ್ಲ, ಬಿಟ್ಟೆ.

ಸ್ವಾಗತ ಕೌಂಟರಿನ ರುಬಿನಾ ಅದನ್ನು ತೆರೆದಳು. ಒಂದರ ಹಿಂದೊಂದು ಕಂಪ್ಯೂಟರುಗಳು ಸ್ತಬ್ಧವಾದವು. ರೋಗಿಗಳ ದಾಖಲೆಗೆಲ್ಲ ಬೀಗ ಬಿತ್ತು. ಥಿಯೇಟರಿನ ಹೊರಗೆ ದ್ಯಾಮವ್ವ ಹಸಿರು ಗೌನು ತೊಟ್ಟು ಕೂತೇ ಇದ್ದಳು.

ಮೇಡಂ ಓಡಿ ಬಂದು ತಂತಿಗಳನ್ನು ಕಿತ್ತರು. ಬೇರೆ ಡಿಸ್ಕಿನಲ್ಲಿ ಇಟ್ಟಿದ್ದ ದಾಖಲೆಗಳ ಪ್ರತಿಯನ್ನು ಒಂದೊಂದಾಗಿ ಮರಳಿ ತುಂಬಿದರು. ಡಾಕ್ಟರು ಬಾಗಿಲಲ್ಲೇ ನಿಂತಿದ್ದರು.

“ಹೆಸರು ಬರೋಬರಿ ಇತ್ತಲ್ಲ,” ಎಂದರು ಮೆಲ್ಲಗೆ.

“ಹೆಸರು ಯಾರ ಬೇಕಾದ್ರೂ ಹಾಕ್ಕೋತಾರ್ರಿ, ಸರ್. ಎಲ್ಲಿಂದ ಬಂತು ಅನ್ನೂದು ನೋಡಬೇಕು.”

ಸಂಜೆಗೆ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ದ್ಯಾಮವ್ವ ಮೊದಲು ನೋಡಿದ್ದು ಮಡಿಲಲ್ಲಿದ್ದ ತನ್ನ ಕೌದಿಯನ್ನು. ಇಷ್ಟು ಸೊಟ್ಟ ಹೊಲಿಗೆ ಹಾಕಿದವರು ಯಾರು ಎಂದು ಬೈದಳಂತೆ. ಮೇಡಂ ಅದನ್ನು ಫೋನಿನಲ್ಲಿ ಯಾರಿಗೋ ಹೇಳಿ ನಗುತ್ತಿದ್ದರು; ನಗುತ್ತಲೇ ನನ್ನ ಅಪ್ಪಣೆಯನ್ನು ತಿದ್ದಿದರು. ಇನ್ನು ಹೆಸರೂ ಕಳಿಸಿದ ಯಂತ್ರವೂ ಎರಡೂ ಹೊಂದಿದರೆ ಮಾತ್ರ ಸ್ಪ್ಯಾಮ್ ತಪಾಸಣೆಗೆ ವಿನಾಯಿತಿ. ವೈರಸ್ ತಪಾಸಣೆ ಯಾರಿಗೂ ತಪ್ಪದು.

ವರ್ಷಗಳು ಕಳೆದವು. ನನ್ನ ಫ್ಯಾನು ಕರಕರ ಎನ್ನತೊಡಗಿತು. ಹೊಸ ಯಂತ್ರ ಬಂತು, ನಾನು ಉಗ್ರಾಣ ಸೇರಿದೆ. ಮೇಡಂ ಬಂದು ನನ್ನ ಡಿಸ್ಕುಗಳನ್ನು ತಮ್ಮ ಕೈಯಾರೆ ಬಿಚ್ಚಿಕೊಂಡು ಹೋದರು.

ಇಂದು ಗುಜರಿಯವನು ಬಂದು, ಮೇಡಂ ಕಳಿಸಿದ್ದಾರೆ ಎಂದ. ಕಾವಲುಗಾರ ನಂಬಲಿಲ್ಲ, ಫೋನ್ ಮಾಡಿ ಕೇಳಿದ. ಕೇಳಿದ್ದು ನನಗೆ ಹಿತವಾಯಿತು.

ಹೌದು, ಅವರೇ ಕಳಿಸಿದ್ದರು.