ಮೂರು ಮಾತ್ರ

ಕರಿಬಸಯ್ಯ ಮೇಷ್ಟ್ರು ಹಾರ ಎತ್ತಿ ಇನ್ನೇನು ಹೆಣದ ಕೊರಳಿಗೆ ಹಾಕಬೇಕು, ಅಷ್ಟರಲ್ಲಿ ಅಯ್ಯಮ್ಮ ಎದ್ದು ಅವರ ಮುಂಗೈ ಹಿಡಿದಳು.

"ಹಾರ ಆಮ್ಯಾಗ ಹಾಕ್ರಿ ಸರ. ಮೊದಲು ಲೆಕ್ಕ ಹೇಳ್ರಿ."

ಅಂಗಳದಲ್ಲಿದ್ದವರು ಇತ್ತ ತಿರುಗಿದರು. ಅವಳ ಗಂಡ ನರಸಣ್ಣನನ್ನು ಮೈ ತೊಳೆದು ಗೋಡೆಗೆ ಆನಿಸಿ ಕೂಡಿಸಿದ್ದರು. ಮಸ್ಕಿ–ಲಿಂಗಸುಗೂರು ರಸ್ತೆಯಲ್ಲಿ ಮೂವತ್ತು ವರ್ಷ ಆಟೋ ಓಡಿಸಿದವನೆಂದು ಖಾಕಿ ಅಂಗಿಯನ್ನೇ ತೊಡಿಸಿದ್ದರು. ಮುಂಜಾನೆಯಿಂದ ಬಂದವರೆಲ್ಲ ಹಾರ ಹಾಕಿ ಕೈಮುಗಿದು ಸರಿದಿದ್ದರು. ಯಾರನ್ನೂ ತಡೆಯದವಳು ಇವರೊಬ್ಬರನ್ನು ತಡೆದಳು. ಕರಿಬಸಯ್ಯನವರು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಈ ಓಣಿಯೊಳಗೆ ಕಾಲಿಟ್ಟದ್ದು ಇದೇ ಮೊದಲು.

ಮೈದುನ ಗಾದಿಲಿಂಗ ನಡುವೆ ಬಂದ. "ಅತ್ತಿಗಿ, ದೊಡ್ಡೋರು ಮನಿತನಕ ಬಂದಾರ. ಇವತ್ತೊಂದಿನ ಬಿಡು."

"ಇವತ್ತು ಬಿಟ್ರ ನಾಳಿ ಇಂವ ಇರತಾನೇನು?" ಎಂದಳು ಅಯ್ಯಮ್ಮ. ಹಿಡಿದ ಕೈ ಬಿಡಲಿಲ್ಲ.

*

ಅಯ್ಯಮ್ಮ ಮೂರನೇ ಕ್ಲಾಸಿಗೆ ಸಾಲೆ ಬಿಟ್ಟವಳು. ಆದರೂ ಆ ಲೆಕ್ಕ ಅವಳಿಗೆ ಬಾಯಿಪಾಠ. ಒಂದು ಸಂಖ್ಯೆಗೆ ಆರು ಕೂಡಿಸಿ, ಬಂದದ್ದರ ವರ್ಗಮೂಲ ತೆಗೆದರೆ ಅದೇ ಸಂಖ್ಯೆ ಬರಬೇಕು. ಆ ಸಂಖ್ಯೆ ಯಾವುದು?

ಪಿಯುಸಿ ಮೊದಲ ವರ್ಷದ ಪರೀಕ್ಷೆಯಲ್ಲಿ ನರಸಣ್ಣ ಎರಡೂ ಕಡೆ ವರ್ಗ ಮಾಡಿ ಸಮೀಕರಣ ಬಿಡಿಸಿದ. ಮೂರು ಬಂತು, ಮೈನಸ್ ಎರಡೂ ಬಂತು. ಮೈನಸ್ ಎರಡನ್ನು ತಿರುಗಿ ಇಟ್ಟು ನೋಡಿದ, ಕೂಡಲಿಲ್ಲ. ಅದನ್ನು ಹೊಡೆದುಹಾಕಿ ‘ಮೂರು ಮಾತ್ರ’ ಎಂದು ಬರೆದು ಎದ್ದು ಬಂದ. ಗೈಡಿನಲ್ಲಿ ಎರಡೂ ಉತ್ತರ ಅಚ್ಚಾಗಿದ್ದವು. ಪೇಪರು ತಿದ್ದಿದ ಕರಿಬಸಯ್ಯನವರು ಗೈಡು ನೋಡಿ ಎರಡು ಅಂಕ ಕತ್ತರಿಸಿದರು. ಪಾಸಿಗೆ ಮೂವತ್ತೈದು ಬೇಕು, ಇವನು ಮೂವತ್ಮೂರಕ್ಕೆ ನಿಂತ.

ಸರ, ತಿರುಗಿ ಇಟ್ಟು ನೋಡ್ರಿ ಎಂದು ಕೇಳಿಕೊಳ್ಳಲು ಹೋದದ್ದಕ್ಕೆ, "ನನಗ ಕಲಸಾಕ ಬಂದೀಯೇನಲೇ" ಎಂದು ಪೇಪರು ಎಸೆದಿದ್ದರಂತೆ.

ಮರುಪರೀಕ್ಷೆಗೂ ಅದೇ ಲೆಕ್ಕ ಬಂತು. ನರಸಣ್ಣನ ಅವ್ವ ಹಿಂದಿನ ದಿನ ಮಗನ ಗದ್ದ ಹಿಡಿದು, ಅವರು ಏನು ಕೇಳತಾರೋ ಅದನ್ನ ಬರದು ಬಾರಪ್ಪ ಎಂದು ಗೋಗರೆದಿದ್ದಳು. ಅವನು ಮತ್ತೆ ‘ಮೂರು ಮಾತ್ರ’ ಎಂದೇ ಬರೆದ. ಈ ಸಲ ಕೆಳಗೆ ಎರಡು ಗೆರೆ ಎಳೆದು, ಮೈನಸ್ ಎರಡು ಯಾಕೆ ಆಗುವುದಿಲ್ಲವೆಂದು ಪಕ್ಕದಲ್ಲಿ ಪೂರ್ತಿ ತೋರಿಸಿದ್ದ. ಮತ್ತೆ ಎರಡೇ ಅಂಕಕ್ಕೆ ಹೋಯಿತು. ಕಾಲೇಜು ಅಲ್ಲಿಗೆ ಮುಗಿಯಿತು.

ಮದುವೆಯಾದ ಹೊಸದರಲ್ಲಿ ಅಯ್ಯಮ್ಮನೇ ಕೇಳಿದ್ದಳು, ತಾನಾಗಿ ಬಂದ ಉತ್ತರ ಬ್ಯಾಡ ಅನ್ನೂದ್ಯಾಕ ಅಂತ. ನರಸಣ್ಣನಿಗೆ ಅಂಥ ಪ್ರಶ್ನೆ ಕೇಳಿದರೆ ಹಬ್ಬ.

"ವರ್ಗ ಮಾಡೂದಂದ್ರ ಹಿಟ್ಟಿನ ಗಿರಣಿ ಇದ್ದಂಗ," ಅಂದ. "ಪ್ಲಸ್ ಹಾಕು, ಮೈನಸ್ ಹಾಕು, ಒಂದ ನಮೂನಿ ಹಿಟ್ಟು ಬೀಳತೈತಿ. ಹಿಟ್ಟು ನೋಡಿ ಕಾಳು ಯಾವುದಂತ ಹೇಳಾಕ ಬರಂಗಿಲ್ಲ. ಅದಕ್ಕ ಉತ್ತರ ಬಂದಮ್ಯಾಲ ತಿರುಗಿ ಇಟ್ಟು ನೋಡಬೇಕು. ಹಂಗ ನೋಡದ ಬಿಟ್ಟಾಂವ ಲೆಕ್ಕ ಮಾಡಿಲ್ಲ, ಕೈ ತೊಳಕೊಂಡಾನ."

ಆಟೋ ಕೊಂಡಾಗ ಅದರ ಬೆನ್ನಿಗೆ ದೊಡ್ಡದಾಗಿ ‘ಎಕ್ಸ್ = 3 ಮಾತ್ರ’ ಎಂದು ಬರೆಸಿದ. ಮಟ್ಕಾ ಆಡುವವರು ಅದನ್ನು ನಂಬರೆಂದೇ ತಿಳಿದರು. ವಾರಗಟ್ಟಲೆ ಮೂರಕ್ಕೆ ಹಚ್ಚಿ ಸೋತು, ಸ್ಟ್ಯಾಂಡಿಗೆ ಬಂದು ಬೈದು ಹೋದರು. ಒಬ್ಬ ಪೊಲೀಸನು ಆಟೋ ನಿಲ್ಲಿಸಿ ಯಾವ ಆಟದ ನಂಬರು ಎಂದದ್ದಕ್ಕೆ, ನರಸಣ್ಣ ಅವನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ವರ್ಗಮೂಲದಿಂದ ಶುರುಮಾಡಿದನಂತೆ. ಅರ್ಧ ತಾಸಿಗೆ ಅವನೇ ಕೈಮುಗಿದು ಇಳಿದುಹೋದ.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಕರಿಬಸಯ್ಯನವರು ಕಂಡಾಗಲೆಲ್ಲ ನರಸಣ್ಣ ಆಟೋ ನಿಧಾನ ಮಾಡಿ ಒಂದೇ ಮಾತು ಕೇಳುತ್ತಿದ್ದ: "ಸರ, ತಿರುಗಿ ಇಟ್ಟು ನೋಡಿದ್ರೇನು?" ಅವರು ಮುಖ ತಿರುಗಿಸಿ ಬಸ್ಸಿಗೆ ಕಾಯುತ್ತಿದ್ದರು. ಮಗಳು ಭಾರತಿ ಗಣಿತದಲ್ಲಿ ಎಂಎಸ್ಸಿ ಮುಗಿಸಿ ಬಂದ ದಿನ, ಅಪ್ಪ, ನಿಂದ ಸರಿ ಐತಿ, ಇನ್ನ ಬಿಡು ಎಂದಿದ್ದಳು. ತಪ್ಪು ಹಾಕಿದ ಕೈಯೇ ತಿದ್ದಬೇಕು ಎಂದು ಅವನು ಚಹಾ ಕುಡಿದು ಎದ್ದಿದ್ದ.

*

"ಮಾಸ್ತರ್, ಹೇಳಿಬಿಡ್ರಿ," ಎಂದ ಶಾಮೀದಸಾಬ. ನರಸಣ್ಣನ ಜೊತೆಯಲ್ಲೇ ಆಟೋ ಹಚ್ಚಿಕೊಂಡು ಮುದುಕನಾದವನು. "ಭಾಬಿ ಬಿಡೂ ಪೈಕಿ ಅಲ್ಲ. ಈ ಮನಿಯಾಗ ನರಸಣ್ಣನೇ ಸಾದಾ ಮನಷ್ಯಾ."

ಒಂದಿಬ್ಬರು ತಲೆ ತಗ್ಗಿಸಿ ನಕ್ಕರು. ಕರಿಬಸಯ್ಯನವರು ನಗಲಿಲ್ಲ. ಹೆಣದ ಮುಖ ನೋಡಿದರು.

"ಹೋದ ವಾರನೂ ಕೇಳಿದ," ಎಂದರು. "ಅದಕ್ಕ ಬಂದೀನಿ." ಆಮೇಲೆ ದನಿ ತಗ್ಗಿಸಿ, "ಎರಡನೇ ಸಲ ಪೇಪರ್ ನೋಡಿದಾಗ ನನಗ ಗೊತ್ತಾಗಿತ್ತವ್ವ."

ಭಾರತಿ ತಟ್ಟನೆ ತಲೆ ಎತ್ತಿದಳು.

"ಗೊತ್ತಿದ್ದು?" ಎಂದಳು ಅಯ್ಯಮ್ಮ.

"ಪಾಸ್ ಮಾಡಿದ್ರ ಮೊದಲ ನಾ ಹಾಕಿದ್ದು ತಪ್ಪಂತ ಆಕ್ಕಿತ್ತು. ಆವಾಗ ನಂದೂ ಸಣ್ಣ ವಯಸ್ಸು."

"ಅಂವಂದು ಹದಿನೇಳು."

ಆಯಿತಲ್ಲ, ಒಪ್ಪಿಕೊಂಡರಲ್ಲ ಎಂದು ಗಾದಿಲಿಂಗ ಸನ್ನೆ ಮಾಡಿದ. ಅಯ್ಯಮ್ಮ ಅತ್ತ ನೋಡಲೂ ಇಲ್ಲ. ಬಾಯಿಂದ ಬಿದ್ದ ಮಾತು ಈ ಅಂಗಳ ದಾಟುವುದರೊಳಗೆ ಬೇರೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಬರದು ತೋರಸ್ರಿ. ಅಂವನ ಮುಂದ ಕುಂತು."

ಭಾರತಿ ಪೆನ್ನು ಕಾಗದ ತಂದಳು. ಅಯ್ಯಮ್ಮ ಬೇಡವೆಂದಳು; ಕಾಗದವಾದರೆ ಮಡಚಿ ಒಯ್ಯಬಹುದು. ಹೆಣ ತೊಳೆದ ನೀರಿಗೆ ಅಂಗಳದ ಮಣ್ಣು ಇನ್ನೂ ಹಸಿಯಾಗಿತ್ತು. ಅದನ್ನೇ ತೋರಿಸಿ ಮುಂಗೈ ಬಿಟ್ಟಳು.

ಕರಿಬಸಯ್ಯನವರು ಹಾರವನ್ನು ಪಕ್ಕಕ್ಕಿಟ್ಟು, ಬಿಳಿ ಧೋತರ ಎತ್ತಿ ಕಟ್ಟಿ, ಮೊಣಕಾಲೂರಿ ಕುಳಿತರು. ವರ್ಗಮೂಲದ ಚಿಹ್ನೆ ಬರೆದರು, ವರ್ಗ ಮಾಡಿದರು, ಎರಡು ಆವರಣ ಹಾಕಿ ಬಿಡಿಸಿದರು. ಮೂರು. ಮೈನಸ್ ಎರಡು. ಅಲ್ಲಿಗೆ ಬೆರಳು ನಿಂತಿತು.

"ತಿರುಗಿ ಇಡ್ರಿ," ಎಂದಳು ಅಯ್ಯಮ್ಮ.

"ಆರರಾಗ ಎರಡು ಹೋದ್ರ ನಾಕು. ನಾಕರ ಮೂಲ ಎರಡು. ಮೈನಸ್ ಎರಡಲ್ಲ."

"ಜೋರ್ಲೆ ಹೇಳ್ರಿ. ಹೊರಗಿನವರಿಗೂ ಕೇಳಲಿ."

ಅವರು ಇನ್ನೊಮ್ಮೆ ಹೇಳಿದರು. ಪಾಠ ಹೇಳುವ ಹಳೆಯ ದನಿ ಬಂತು. ಓಣಿಯಲ್ಲಿ ಹಲಗೆ ಕಾಯಿಸುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಕರಿಬಸಯ್ಯನವರು ಅಂಗೈಯಿಂದ ಮೈನಸ್ ಎರಡನ್ನು ಒರೆಸಿದರು. ಒಮ್ಮೆಗೆ ಹೋಗಲಿಲ್ಲ, ಇನ್ನೊಮ್ಮೆ ಒತ್ತಿ ಒರೆಸಿ, ಉಳಿದದ್ದರ ಕೆಳಗೆ ಎರಡು ಗೆರೆ ಎಳೆದರು.

"ಈಗ ಹಾರ ಹಾಕಲೇನವ್ವ?"

"ಹಾಕಿದ್ರೂ ಸೈ, ಬಿಟ್ರೂ ಸೈ. ಅದು ನಿಮ್ಮ ಮರ್ಜಿ." ಅವಳು ಬಾಗಿಲ ಕಡೆ ತಿರುಗಿದಳು. "ಬಡೀರಪಾ ಹಲಗಿ."

ಹಲಗೆ ಎದ್ದಿತು. ನರಸಣ್ಣನನ್ನು ಎತ್ತಿಕೊಂಡ ನಾಲ್ವರು ಅಂಗಳದ ನಡುವೆ ತಡೆದು ನಿಂತರು. ದಾರಿ ಇಕ್ಕಟ್ಟು, ಮುಂದೆ ಹಸಿ ಮಣ್ಣಿನ ಮೇಲೆ ಆ ಬರಹ. ಮುಂದಿದ್ದ ಶಾಮೀದಸಾಬ ಬೆನ್ನನ್ನು ಗೋಡೆಗೆ ಒತ್ತಿ, ಅಡ್ಡಡ್ಡ ಹೆಜ್ಜೆ ಹಾಕಿದ. ಹಿಂದಿನ ಮೂವರೂ ಹಾಗೆಯೇ ಸುಣ್ಣದ ಗೋಡೆಗೆ ಮೈ ಉಜ್ಜಿಕೊಂಡು, ಒಂದು ಅಂಕಿಯನ್ನೂ ತುಳಿಯದೆ, ಅವನನ್ನು ಹೊರಗೆ ಒಯ್ದರು.