ಉಪ್ಪು, ತುಪ್ಪ ಮತ್ತು ಒಂದು ಹೆಸರು

ಜುಗೂಳದಲ್ಲಿ ಪದ್ಮವ್ವನ ಬಾಯಿಗೆ ಹೆದರದವರಿರಲಿಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ಪ್ರಾಸ ಕಟ್ಟಿ ಒಡಪು ಹೇಳುವ ಮಾತು ಬಂತೆಂದರೆ ಹೆಂಗಸರೆಲ್ಲ ಮೊದಲು ಅವಳ ಕಡೆಗೇ ತಿರುಗುತ್ತಿದ್ದರು. ಅಂಥ ಬಾಯಿಗೆ ದೀಪಾವಳಿ ಮುಗಿದದ್ದೇ ಬೀಗ ಬಿತ್ತು. ಲಕ್ವಾ ಹೊಡೆದು, ಮಿರಜದ ದವಾಖಾನೆ ಸೇರಿ ಮನೆಗೆ ಬಂದಾಗ ಕೈಕಾಲು ಹೇಗೋ ಹಿಡಿತಕ್ಕೆ ಬಂದಿದ್ದವು. ಮಾತು ಮಾತ್ರ ಬಂದಿರಲಿಲ್ಲ. ಎಲ್ಲ ತಿಳಿಯುತ್ತಿತ್ತು, ಹೇಳಹೋದರೆ ಶಬ್ದ ಸಿಗುತ್ತಿರಲಿಲ್ಲ.

ಗಂಡ ತವನಪ್ಪ ಐವತ್ತು ವರ್ಷ "ಸಾಕ ಮಾಡ ಬೇ ನಿನ್ನ ವಟವಟ" ಎಂದು ಗದರಿಕೊಂಡೇ ಬಂದವನು. ಈಗ ಅದೇ ವಟವಟ ಬೇಕೆಂದು ಮುಂಜಾನೆ ಎದ್ದು ಬಸ್ತಿಗೆ ಹೋಗಿ ಕೈಮುಗಿಯುತ್ತಿದ್ದ. ಮನುಷ್ಯನ ಬುದ್ಧಿಯೇ ಇಷ್ಟು.

ಮಾತು ಮತ್ತೆ ಕಲಿಸಲು ಕಾಗವಾಡದಿಂದ ಫರಹೀನ ಎಂಬ ಹುಡುಗಿ ವಾರವಾರ ಸ್ಕೂಟಿಯ ಮೇಲೆ ಮನೆಗೇ ಬರುತ್ತಿದ್ದಳು. ಇನ್ನೂ ಮದುವೆಯಾಗಿರಲಿಲ್ಲ. ಸ್ಪೀಚ್ ಥೆರಪಿ ಕಲಿತು ಬಂದು ಹೊಸದಾಗಿ ಕೆಲಸ ಹಿಡಿದಿದ್ದಳು. ಅವಳು ತಂದ ಹಡಗು, ಒಂಟೆಗಳ ಚಿತ್ರಗಳನ್ನು ಪದ್ಮವ್ವ ಕಣ್ಣೆತ್ತಿಯೂ ನೋಡಲಿಲ್ಲ. ಫರಹೀನ ನಕ್ಕು ಚಿತ್ರಗಳನ್ನು ಚೀಲಕ್ಕೆ ಸೇರಿಸಿದಳು. ಸೊಸೆ ಚಂದ್ರಮತಿಗೆ ಹೇಳಿ ಅಡಿಗೆಮನೆಯ ಡಬ್ಬಿಗಳನ್ನೇ ತರಿಸಿದಳು.

"ಆಯಿ, ಸಾರಿಗೆ ಏನ ಹಾಕ್ತೀರಿ? ಉ…"

"ಉ… ಉಪ್ಪ."

ಚಂದ್ರಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತವನಪ್ಪನಂತೂ ಕಬ್ಬಿಗೆ ನೀರು ಬಿಡುವುದನ್ನೂ ಮರೆತು ಅಲ್ಲೇ ಕೂತುಬಿಟ್ಟ. ಆ ಹುರುಪಿನಲ್ಲಿ ಫರಹೀನ ಅವನತ್ತ ಬೆರಳು ಮಾಡಿದಳು. "ಇವರ್‍ಯಾರ್ರಿ ಆಯಿ? ಹೆಸರ ಹೇಳ್ರಿ ನೋಡೋಣು."

ಪದ್ಮವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಆಮೇಲೆ ಅಂದಳು, "ಉಪ್ಪ."

"ಉಪ್ಪ ಅಲ್ರಿ, ಇವರ ಹೆಸರು."

"ತುಪ್ಪ."

"ಒಮ್ಮೆ ಬಂದ ಮಾತಿಗೇ ನಾಲಗಿ ಅಂಟ್ಕೊಂತೈತ್ರಿ ಅಜ್ಜಾರ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು ಫರಹೀನ.

ಬೇಸರವಾಗದೆ ಇದ್ದೀತೆ? ದಿನ ಕಳೆದಂತೆ ಪದ್ಮವ್ವನ ಬಾಯಿಗೆ ಒಂದೊಂದೇ ಹೆಸರು ಬರತೊಡಗಿತು. ಸೊಸೆಯ ಹೆಸರು ಬಂತು, ಮೊಮ್ಮಗ ನಿಖಿಲನದು ಬಂತು, ಅವನ ಹೆಂಡತಿ ಪ್ರಾಜಕ್ತಾಳದು ಬಂತು, ಕೊನೆಗೆ ಹಿತ್ತಲಲ್ಲಿ ಕಟ್ಟಿದ ಎಮ್ಮೆ ಗೌರಿಯದೂ ಬಂತು. ತವನಪ್ಪನದು ಬರಲಿಲ್ಲ. ಅವನನ್ನು ತೋರಿಸಿ ಕೇಳಿದಾಗಲೆಲ್ಲ ಉಪ್ಪ, ತುಪ್ಪ, ಅಷ್ಟೇ. ಒಂದು ಸಲ ಅವನು ಉಪ್ಪು ತುಪ್ಪ ಎರಡನ್ನೂ ವಾಟಗದಲ್ಲಿ ತಂದು ಮುಂದಿಟ್ಟ. ಪದ್ಮವ್ವ ಅದನ್ನು ಆಚೆ ತಳ್ಳಿ, ದುರುಗುಟ್ಟಿ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು.

"ಎಮ್ಮಿಗಿಂತ ಕಡೀ ಆದ್ನಲ್ಲ" ಎಂದು ತವನಪ್ಪ ನಕ್ಕ. ನಗು ತುಟಿಯ ಮೇಲಷ್ಟೇ ಇತ್ತು. ಅವಳ ಮನಸ್ಸಿನಿಂದ ತನ್ನ ಹೆಸರು ಅಳಿಸಿಹೋಗಿದೆ ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಷ್ಟರಲ್ಲಿ ಬಸುರಿ ಪ್ರಾಜಕ್ತಾಳ ಕುಬಸ ಬಂತು. "ಅಕೀನ ಒಳಗ ಮಲಗಸ್ರಿ. ನಾಕ ಮಂದ್ಯಾಗ ಉಪ್ಪ ತುಪ್ಪ ಅಂದ್ರ ನಗತಾರ" ಎಂದ ತವನಪ್ಪ.

"ನಗೋರ ಹಲ್ಲ ಎಣಿಸೋಣಂತ. ಅತ್ತಿ ಇಲ್ದ ನಮ್ಮ ಮನ್ಯಾಗ ಕುಬಸ ಹೆಂಗ ಆಗತೈತ್ರಿ?" ಎಂದು ಚಂದ್ರಮತಿ ಅತ್ತೆಗೆ ಇಳಕಲ್ಲ ಸೀರೆ ಉಡಿಸಿ, ಪಡಸಾಲೆಯ ನಡುವೆ ಖುರ್ಚಿ ಹಾಕಿ ಕೂರಿಸಿದಳು. ಫರಹೀನಳೂ ಬಂದಿದ್ದಳು.

ಹಸಿರು ಬಳೆ ತೊಟ್ಟು ಕೂತ ಪ್ರಾಜಕ್ತಾಳಿಗೆ ಉಡಿ ತುಂಬಿದ ಮೇಲೆ ಹೆಂಗಸರು ಗಂಟುಬಿದ್ದರು. "ಗಂಡನ ಹೆಸರ ಹೇಳವಾ! ಒಡಪ ಹಚ್ಚಿ ಹೇಳ!" ಪ್ರಾಜಕ್ತಾ ಮೊಬೈಲು ನೋಡಿಕೊಂಡು ಒಂದು ಮರಾಠಿ ಒಡಪು ಓದಿದಳು. ಪದ್ಮವ್ವನ ಮುಖ ಹುಳಿ ತಿಂದಂತಾಯಿತು. ಅವಳು ಮೊಣಕಾಲಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದಳು.

"ಸಾರಿಗೆ… ಬೇಕ… ಉಪ್ಪ."

ಹೆಂಗಸರೆಲ್ಲ ಅವಳತ್ತ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ತವನಪ್ಪ ಚೌಕಟ್ಟು ಹಿಡಿದುಕೊಂಡ.

"ಹೋಳಗಿಗೆ… ಬೇಕ… ತುಪ್ಪ."

ಅವನಿಗೆ ಥಟ್ಟನೆ ನೆನಪಾಯಿತು. ಮದುವೆಯಾಗಿ ಬಂದ ದಿನ ಇದೇ ಹೊಸ್ತಿಲಲ್ಲಿ ಅಡ್ಡಗಟ್ಟಿ ಹೆಸರು ಕೇಳಿದಾಗ ಪದ್ಮವ್ವ ಇದೇ ಒಡಪು ಹೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದಳು. ಅಂದರೆ ಇಷ್ಟು ದಿನ ಕೇಳಿದಾಗಲೆಲ್ಲ ಅವಳು ಸರಿಯಾಗಿಯೇ ಹೇಳಹೊರಟಿದ್ದಳು. ಮರೆತವಳು ಅವಳಲ್ಲ, ತಾನು.

"ಜಗಳಕ್ಕ… ಬೇಕ… ನನಗ…" ಪದ್ಮವ್ವ ನಿಂತಳು. ತುಟಿ ಅಲುಗಿದವು, ಸ್ವರ ಬರಲಿಲ್ಲ. ಫರಹೀನ ಮುಂದಿನ ಅಕ್ಷರ ಹೇಳಿಕೊಡಲು ಬಾಯಿ ತೆರೆದವಳು ತಡೆದುಕೊಂಡಳು. ಪದ್ಮವ್ವ ಬಾಗಿಲ ಕಡೆ ನೋಡಿದಳು.

"ತವನಪ್ಪ!"

ಪಡಸಾಲೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಚಂದ್ರಮತಿ ಅತ್ತೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ತವನಪ್ಪ ಹೆಂಗಸರ ನಡುವೆಯೇ ನುಗ್ಗಿ ಬಂದು ಖುರ್ಚಿಯ ಮುಂದೆ ನಿಂತ. "ಇಷ್ಟ ದಿನಾ ಕೇಳಿದ್ರ ಸೀದಾ ಯಾಕ ಹೇಳಲಿಲ್ಲ ಬೇ?"

ಪದ್ಮವ್ವ ಮೂಗು ಮುರಿದಳು. "ಗಂಡನ ಹೆಸರ… ಪುಕಟ… ಹೇಳ್ತಾರೇನ? ಖೋಡಿ!"

ಫರಹೀನ ಹಣೆ ಹಣೆ ಚಚ್ಚಿಕೊಂಡು ನಕ್ಕಳು. ತವನಪ್ಪ ಎದೆಯುಬ್ಬಿಸಿ ನೆರೆದವರ ಕಡೆ ತಿರುಗಿದ. ಕಣ್ಣಲ್ಲಿ ನೀರು, ದನಿ ಮಾತ್ರ ಹೊಳೆದಂಡೆಗೂ ಕೇಳುವಷ್ಟು ದೊಡ್ಡದು.

"ಕೇಳಿದ್ರಿಲ್ಲೋ? ನನ್ನ ಹೇಣ್ತಿ ಜಗಳಾಡಾಕತ್ತಾಳ!"