ಕಾಂತಾಬಾಯಿಯ ಅರ್ಧ ಡೋಸು

ನಿಲಂಗೆ ಊರಿನಿಂದ ವರನ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಮುರುಮ್ ಊರಿನ ಕಾಳಿನ ವ್ಯಾಪಾರಿ ಮನ್ಮಥಪ್ಪ ಪಡಸಾಲೆಯಲ್ಲಿ ಅವರನ್ನು ನಗಿಸುತ್ತಿದ್ದ. ಒಳಗೆ ಅವನ ಹೆಂಡತಿ ಕಾಂತಾಬಾಯಿ ಚುರುಮುರಿಯ ಸುಸಲಾ ಕಲಸುತ್ತಿದ್ದಳು. ಆಕೆಗೆ ಕರುಳಿನ ಕ್ಯಾನ್ಸರ್ ಎಂಬುದು ಮನೆಯವರಿಗಷ್ಟೇ ಗೊತ್ತು. ಊರಿಗೆಲ್ಲ ಅದು ಹೊಟ್ಟೆಹುಣ್ಣು. ಮಗಳು ದಾನೇಶ್ವರಿಯ ಮದುವೆ ಗೊತ್ತಾಗುವ ತನಕ ತವರಿಗೂ ಹೇಳಕೂಡದೆಂದು ಮನ್ಮಥಪ್ಪ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ್ದ.

ಅಷ್ಟರಲ್ಲಿ ಉದಗೀರಿನಿಂದ ಕಾಂತಾಬಾಯಿಯ ತಮ್ಮ ಸಿದ್ಧೇಶ್ವರನ ಹೆಂಡತಿ ಸುಗಂಧಾಳ ಫೋನು ಬಂತು.

"ಅಕ್ಕಾ, ಇವರ ಕರಳಾಗ ಕ್ಯಾನ್ಸರ್ ಗಡ್ಡಿ ಅದ ಅಂತ ರೀ. ಗುಳಿಗಿ ಕೈಯಾಗ ಹಿಡಕೊಂಡು ಕುಂತಾರ. ಅಕ್ಕಗ ಹೇಳೇ ತಗೋತೀನಿ ಅಂತಾರ."

ಯಾವ ಗುಳಿಗೆಯೆಂದು ಕಾಂತಾಬಾಯಿ ಹೆಸರು ಓದಿಸಿ ಕೇಳಿದಳು. ತಾನು ನುಂಗುತ್ತಿರುವುದೂ ಅದೇ. ಸೊಲ್ಲಾಪುರದ ಡಾಕ್ಟರು ಮೊದಲೇ ರಕ್ತದಲ್ಲಿ ಜೀನು ನೋಡಿ, ಆ ಔಷಧವನ್ನು ಅರಗಿಸುವ ಶಕ್ತಿ ಆಕೆಗೆ ಹುಟ್ಟಿನಿಂದಲೇ ಕಡಿಮೆ, ಪೂರ್ತಿ ಡೋಸು ಜೀವಕ್ಕೇ ಎರವಾದೀತು ಎಂದು ಅರ್ಧಕ್ಕೆ ಇಳಿಸಿದ್ದರು. ಒಡಹುಟ್ಟಿದವರಲ್ಲೂ ಹೀಗೇ ಇರಬಹುದು, ತಿಳಿಸಿಬಿಡಿ ಎಂದೂ ಹೇಳಿದ್ದರು.

ಬಾಗಿಲಿಗೆ ಬಂದ ಮನ್ಮಥಪ್ಪನಿಗೆ ಫೋನಿನ ಮಾತು ಕಿವಿಗೆ ಬಿದ್ದು ವಿಷಯ ತಿಳಿಯಿತು.

"ಈಗ ಬ್ಯಾಡ. ಹುಡುಗಿ ಬಾಳು ಅದ," ಎಂದು ಪಿಸುಗುಟ್ಟಿದ.

"ನನ್ನ ತಮ್ಮನ ಜೀವ ಅದ ರೀ," ಎಂದವಳೇ ತಮ್ಮನಿಗೆ ಫೋನು ಕೊಡಿಸಿ, ಪಡಸಾಲೆಗೆ ಕೇಳುವಂತೆ ಹೇಳಿದಳು: "ಸಿದ್ದು, ಗುಳಿಗಿ ಬಾಯಾಗ ಹಾಕಬ್ಯಾಡ. ನನಗೂ ಅದೇ ಕ್ಯಾನ್ಸರ್ ಅದ. ನನ್ನ ಮೈಗಿ ಅರ್ಧಾ ಡೋಸೇ ಸಾಕಂತ. ಮೊದಲ ಡಾಕ್ಟರಿಗಿ ಹೇಳಿ ರಕ್ತ ತೋರಿಸು."

ಪಡಸಾಲೆಯಲ್ಲಿದ್ದವರು ಒಳಬಾಗಿಲ ಕಡೆ ತಿರುಗಿದರು. ವರನ ತಾಯಿ ಶಿವಗಂಗಾಬಾಯಿ ಮೆಲ್ಲಗೆ ಕೇಳಿದಳು: "ಹುಡುಗಿಗೂ ಹಿಂಗೇ ಏನ್ರಿ?"

"ಗುಳಿಗಿ ತಡೀದ ಗುಣ ಇದ್ದರೂ ಇರಬಹುದು. ಅದು ರೋಗ ಅಲ್ಲ ರೀ. ಆದರ ನಿಮ್ಮ ಮುಂದ ಮುಚ್ಚಿಟ್ಟಿದ್ದು ನಮ್ಮ ತಪ್ಪು," ಎಂದಳು ಕಾಂತಾಬಾಯಿ.

ಆಮೇಲೆ ಹೇಳುತ್ತೇವೆಂದು ಅವರು ಎದ್ದು ಹೋದರು. ಮನ್ಮಥಪ್ಪ ಅಂದು ಊಟಕ್ಕೂ ಏಳಲಿಲ್ಲ.

ಸಿದ್ಧೇಶ್ವರನ ರಕ್ತದಲ್ಲೂ ಅಕ್ಕನ ಗುಣವೇ ಸಿಕ್ಕಿತು. ಅವನಿಗೂ ಅರ್ಧದಿಂದಲೇ ಶುರುವಾಯಿತು, ಮೈಗೆ ಒಗ್ಗಿತು. ನಿಲಂಗೆಯಿಂದ ಮಾತ್ರ ಇನ್ನೂ ಸುದ್ದಿಯಿರಲಿಲ್ಲ.

ಸಂತೆಯ ದಿನ ಅಂಗಡಿಯ ತುಂಬ ಗಿರಾಕಿಗಳು. ಮನ್ಮಥಪ್ಪ ಗದ್ದಿಗೆಯ ಮೇಲೆ ಕೂತು ದೇವಣಿ ಊರಿನಲ್ಲಿದ್ದ ಹೆಂಡತಿಯ ತಂಗಿ ಶಕುಂತಲಾಬಾಯಿಗೆ ಫೋನು ಹಚ್ಚಿದ. ಅವನು ದನಿ ತಗ್ಗಿಸಲಿಲ್ಲ. ಅಂಗಡಿಯ ಹಿಂದಿನ ಮನೆಯೊಳಗಿದ್ದ ಕಾಂತಾಬಾಯಿಗೆ ಪ್ರತಿ ಮಾತೂ ಕೇಳುತ್ತಿತ್ತು.

"ನಿಮ್ಮ ಅಕ್ಕಗ ಕ್ಯಾನ್ಸರ್ ಆಗ್ಯಾದ. ಹೌದು, ಕ್ಯಾನ್ಸರೇ. ಯಾರಿಗೂ ಹೇಳಬ್ಯಾಡ ಅಂತ ನಾ ಆಕಿ ಬಾಯಿ ಕಟ್ಟಿದ್ದೆ, ಆಕಿ ಕೇಳಲಿಲ್ಲ. ಅದಕ್ಕೇ ಸಿದ್ದು ಉಳದಾನ. ನೀವೂ ರಕ್ತ ತೋರಿಸಬೇಕೇನಂತ ಡಾಕ್ಟರಿಗಿ ಕೇಳ್ರಿ. ಯಾರು ಹೇಳಿದರು ಅಂದರ, ಮುರುಮಿನ ಕಾಂತಾಬಾಯಿ ಹೇಳ್ಯಾಳಂತ ಹೇಳ್ರಿ."